ಮನಸ್ಸು ಕುಗ್ಗಿದ ದಿನಗಳಿಗೆ ಊಟ: ಮೀನೋ, ಅಗಸೆಯೋ, ಮೊಸರೋ, ಬಸ್ಸಾರೋ?

ವಾಟ್ಸ್‌ಆ್ಯಪ್‌ನಲ್ಲಿ ಸೋಮವಾರ ಬಾಳೆಹಣ್ಣು ಖಿನ್ನತೆಗೆ ಮದ್ದು, ಮಂಗಳವಾರ ಡಾರ್ಕ್ ಚಾಕೊಲೇಟ್, ಬುಧವಾರ ಅಗಸೆ ಬೀಜ. ಓದಿದವರು ಅಂಗಡಿಗೆ ಹೋಗಿ ಮೂರನ್ನೂ ತರುತ್ತಾರೆ. ಹದಿನೈದು ದಿನಕ್ಕೆ ಅಗಸೆ ಡಬ್ಬಿಯ ತಳ ಸೇರುತ್ತದೆ, ಚಾಕೊಲೇಟ್ ಮಕ್ಕಳ ಪಾಲಾಗುತ್ತದೆ, ಮನಸ್ಸು ಇದ್ದಲ್ಲೇ ಇರುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂದು ಕೇಳುವವರಿಗಾಗಿ ಈ ಬರಹ.

ಮೊದಲೇ ಒಂದು ಮಾತು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವೂ ಮಂಕು ಕವಿದಂತಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ-ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಊಟ ಆ ಚಿಕಿತ್ಸೆಯ ಜೊತೆಗಿರುವಂಥದ್ದು, ಅದರ ಬದಲಿಗೆ ಬರುವಂಥದ್ದಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಈ ಬರಹ ಮುಗಿಸುವವರೆಗೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಪುರಾವೆ ಎಷ್ಟು ಗಟ್ಟಿ

ಊಟ ಬದಲಿಸಿದರೆ ಖಿನ್ನತೆ ಕಡಿಮೆಯಾಗುತ್ತದೆಯೇ ಎಂದು ನೇರವಾಗಿ ಪರೀಕ್ಷಿಸಿದ ಮೊದಲ ಪ್ರಯೋಗಗಳಲ್ಲಿ ಒಂದು, ಆಸ್ಟ್ರೇಲಿಯದ ಫೆಲಿಸ್ ಜಾಕಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ‘ಸ್ಮೈಲ್ಸ್’. ಖಿನ್ನತೆ ಇದ್ದ, ಜೊತೆಗೆ ಊಟವೂ ಕಳಪೆಯಾಗಿದ್ದ 67 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 12 ವಾರ ಆಹಾರ ತಜ್ಞರ ಮಾರ್ಗದರ್ಶನ, ಇನ್ನೊಂದಕ್ಕೆ ಅಷ್ಟೇ ಹೊತ್ತು ಸ್ನೇಹದ ಮಾತುಕತೆ. ಕೊನೆಗೆ ಊಟ ಬದಲಿಸಿದವರಲ್ಲಿ ಸುಮಾರು 32%, ಮಾತುಕತೆಯ ಗುಂಪಿನಲ್ಲಿ 8% ಜನ ಖಿನ್ನತೆಯ ಗೆರೆಯಿಂದ ಹೊರಬಂದಿದ್ದರು. ಅವರು ತಿಂದದ್ದು ಯಾವ ಅದ್ಭುತ ಬೀಜವನ್ನೂ ಅಲ್ಲ. ಇಡಿ ಧಾನ್ಯ, ತರಕಾರಿ, ಹಣ್ಣು, ಕಾಳು, ಮೀನು, ಮೊಟ್ಟೆ, ಹಾಲು-ಮೊಸರು, ಬಾದಾಮಿಯಂಥ ಬೀಜಗಳು, ಆಲಿವ್ ಎಣ್ಣೆ. ಬಿಟ್ಟದ್ದು ಸಿಹಿ ತಿನಿಸು, ಕರಿದದ್ದು, ಸಕ್ಕರೆ ಪಾನೀಯ.

ಪ್ರಯೋಗ ಚಿಕ್ಕದು. ಯಾರು ಯಾವ ಗುಂಪಿನವರೆಂದು ಭಾಗವಹಿಸಿದವರಿಗೆ ಗೊತ್ತಿತ್ತು, ಹೆಚ್ಚಿನವರು ಮಾತ್ರೆಯನ್ನೋ ಆಪ್ತಸಮಾಲೋಚನೆಯನ್ನೋ ಮುಂದುವರಿಸಿಯೇ ಇದ್ದರು. ಹಾಗಾಗಿ 32 ಎಂಬ ಅಂಕಿಯನ್ನು ಕಲ್ಲಿನ ಮೇಲೆ ಕೆತ್ತಬೇಕಿಲ್ಲ. ಯುರೋಪಿನ ನಾಲ್ಕು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಮೂಡ್‌ಫುಡ್’ ಪ್ರಯೋಗದ ಫಲಿತಾಂಶ ಇನ್ನೊಂದು ತೆರನಾದದ್ದು. ತೂಕ ಹೆಚ್ಚಿದ್ದ, ಮನಸ್ಸು ಸ್ವಲ್ಪ ಕುಗ್ಗಿದ್ದರೂ ಖಿನ್ನತೆಯ ಮಟ್ಟ ಮುಟ್ಟದ 1025 ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ಒಮೆಗಾ-3, ಫೋಲಿಕ್ ಆಮ್ಲ, ವಿಟಮಿನ್ ಡಿ, ಸೆಲೆನಿಯಂ ಮಾತ್ರೆ ಕೊಟ್ಟು ನೋಡಿದರು. ಖಿನ್ನತೆ ತಡೆಯಲಿಲ್ಲ. ಊಟದ ಅಭ್ಯಾಸ ತಿದ್ದುವ ತರಬೇತಿಯೂ ಒಟ್ಟಾರೆ ತಡೆಯಲಿಲ್ಲ.

ಎರಡನ್ನೂ ಒಟ್ಟಿಗೆ ಓದಿದರೆ ನಮಗೆ ಕಾಣುವುದು ಇಷ್ಟು: ಊಟ ನಿಜಕ್ಕೂ ಕೆಟ್ಟಿರುವವರಿಗೆ, ದೇಹದಲ್ಲಿ ಏನೋ ಕೊರತೆ ಇರುವವರಿಗೆ ಊಟ ಸರಿಪಡಿಸುವುದರಿಂದ ಲಾಭದ ಸಾಧ್ಯತೆ ಹೆಚ್ಚು. ಚೆನ್ನಾಗಿ ಉಣ್ಣುತ್ತಿರುವವರು ಮೇಲಿಂದ ಇನ್ನೊಂದು ಡಬ್ಬಿ ಸುರಿದುಕೊಂಡರೆ ಸಿಗುವುದು ಕಡಿಮೆ.

ಯಾವುದರಿಂದ ಅಳೆಯುವುದು

ನಾವು ಇಲ್ಲಿ ನಾಲ್ಕು ಅಳತೆ ಇಟ್ಟುಕೊಂಡಿದ್ದೇವೆ. ಆ ಆಹಾರ ತುಂಬುವ ಕೊರತೆ ನಿಮಗೆ ಇದೆಯೇ? ಅದರ ಹಿಂದಿನ ಪುರಾವೆ ಎಷ್ಟು? ತಿಂಗಳಿಡೀ ತರಲು ದುಡ್ಡು ಸಾಕಾಗುತ್ತದೆಯೇ? ನಾಲ್ಕನೆಯದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಆದರೆ ನಾವು ಅದಕ್ಕೇ ಹೆಚ್ಚು ತೂಕ ಕೊಡುತ್ತೇವೆ: ಹಾಸಿಗೆಯಿಂದ ಏಳಲೂ ಆಗದ ದಿನ ಅದನ್ನು ಮಾಡಿಕೊಳ್ಳಲು ಆಗುತ್ತದೆಯೇ? ಖಿನ್ನತೆ ಮೊದಲು ಕಸಿಯುವುದೇ ಕೈಯ ಶಕ್ತಿಯನ್ನು. ಮೀನು ಕೊಯ್ದು, ಮಸಾಲೆ ಅರೆದು, ಪಾತ್ರೆ ತೊಳೆಯಬೇಕಾದ ಸಲಹೆಯನ್ನು ಅಂಥವರಿಗೆ ಕೊಟ್ಟರೆ, ‘ಇದೂ ನನ್ನಿಂದ ಆಗಲಿಲ್ಲ’ ಎಂಬ ಕೊರಗು ಸೇರುತ್ತದೆ, ಅಷ್ಟೆ.

ಮೊದಲ ಅಳತೆಗೆ ರಕ್ತಪರೀಕ್ಷೆ ಬೇಕು. ವೈದ್ಯರ ಬಳಿ ಕೇಳಬೇಕಾದವು ಬಿ12, ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನಿನ ಸೂಚಕ), ಥೈರಾಯ್ಡಿನ ಟಿಎಸ್‌ಎಚ್. ಈ ಮೂರರಲ್ಲಿ ಯಾವುದು ಏರುಪೇರಾದರೂ ಸುಸ್ತು, ಮಂಕು, ಮರೆವು, ನಿರಾಸಕ್ತಿ ಬರುತ್ತವೆ. ಹೊರಗಿನಿಂದ ನೋಡಿದರೆ ಖಿನ್ನತೆಯಂತೆಯೇ ಕಾಣುತ್ತದೆ. ಬಿ12 ಮಾತ್ರೆ ಶುರುಮಾಡುವ ಮೊದಲೇ ರಕ್ತ ಕೊಡಿ. ನಾಲ್ಕು ಮಾತ್ರೆ ನುಂಗಿ ಹೋದರೆ ವರದಿಯಲ್ಲಿ ಅಂಕಿ ಏರಿ, ಕೊರತೆ ಮುಚ್ಚಿಹೋಗುತ್ತದೆ.

ಹಾಲು, ಮೊಸರು, ಮೊಟ್ಟೆ: ಬಿ12ರ ದಾರಿ

ಸಸ್ಯಾಹಾರಿ ಮನೆಗಳು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದದ್ದು ಇದನ್ನೇ. ಬಿ12 ನರಗಳ ಹೊದಿಕೆಗೂ ಮಿದುಳಿನ ರಾಸಾಯನಿಕಗಳ ತಯಾರಿಗೂ ಬೇಕು, ಮತ್ತು ಅದು ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ನಂಬುವಷ್ಟು ಇಲ್ಲ. ದೊಡ್ಡವರಿಗೆ ದಿನಕ್ಕೆ 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಬೇಕು. 200 ಮಿಲಿಯ ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ 0.9, ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ (100 ಗ್ರಾಂ) 0.4, ಒಂದು ಮೊಟ್ಟೆಯಲ್ಲಿ 0.5 ಇರುತ್ತದೆ. ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು ಅಂದರೆ ಅಂದಿನ ಲೆಕ್ಕ ಹತ್ತಿರ ಹತ್ತಿರ ಮುಗಿಯಿತು.

ಎಡವುವುದು ಎಲ್ಲಿ? ‘ನಾವು ದಿನಾ ಹಾಲು ಕುಡೀತೀವಲ್ಲ’ ಎನ್ನುವ ಮನೆಯಲ್ಲಿ ಹಾಲು ಇರುವುದು ಕಾಫಿಯಲ್ಲಿ. ಒಂದು ಲೋಟ ಫಿಲ್ಟರ್ ಕಾಫಿಗೆ ಬೀಳುವುದು ನೂರು ಮಿಲಿಯೂ ಇರದು, ಅದರಲ್ಲೂ ನೀರು ಬೆರೆಸಿದ್ದು. ಹಾಲನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತೆ ಮತ್ತೆ ಕುದಿಸಿದಷ್ಟೂ ಬಿ12 ಇಳಿಯುತ್ತದೆ. ಒಮ್ಮೆ ಕಾಯಿಸಿ ಆರಿಸಿ ಫ್ರಿಜ್‌ನಲ್ಲಿಟ್ಟು, ಬೇಕಾದಷ್ಟನ್ನೇ ಬಿಸಿಮಾಡಿಕೊಳ್ಳಿ. ಊಟದ ಕೊನೆಯ ನೀರು ಮಜ್ಜಿಗೆ ಜೀರ್ಣಕ್ಕೆ ಸರಿ, ಬಿ12 ಲೆಕ್ಕಕ್ಕೆ ಬರುವುದಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ ಎಂಬ ಮಾತನ್ನೂ ನೆಚ್ಚಿಕೊಳ್ಳಬೇಡಿ.

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಗ್ಯಾಸ್ಟ್ರಿಕ್ಕಿಗೆಂದು ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ಬಿಡದೆ ನುಂಗುವವರಲ್ಲಿ ಬಿ12 ಹೀರಿಕೆಯೇ ತಗ್ಗುತ್ತದೆ. ಅರವತ್ತು ದಾಟಿದ ಅಮ್ಮ ‘ಯಾಕೋ ಮನಸ್ಸೇ ಇಲ್ಲ ಕಣೋ, ಕಾಲು ಜೋಮು ಹಿಡಿಯುತ್ತೆ’ ಎಂದರೆ, ವಯಸ್ಸಾಯಿತು ಎಂದು ಸುಮ್ಮನಾಗುವ ಮೊದಲು ಆಕೆಯ ಮಾತ್ರೆ ಡಬ್ಬಿ ತೆರೆದು ನೋಡಿ. ಇಂಥವರಿಗೆ ಹಾಲು ಹೆಚ್ಚಿಸಿದರೆ ಸಾಲದು. ವೈದ್ಯರು ಬರೆದ ಬಿ12 ಮಾತ್ರೆ ಅಥವಾ ಇಂಜೆಕ್ಷನ್ನೇ ಬೇಕಾಗಬಹುದು. ಬರೀ ಫೋಲಿಕ್ ಆಮ್ಲದ ಮಾತ್ರೆ ತಿನ್ನುವುದು ಇಲ್ಲಿ ಅಪಾಯ: ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ನಡೆದಿರುತ್ತದೆ.

ಶ್ರಮದ ಅಳತೆಯಲ್ಲಿ ಈ ಗುಂಪನ್ನು ಮೀರಿಸುವುದು ಯಾವುದೂ ಇಲ್ಲ. ಮೊಸರಿಗೆ ಚಮಚ ಸಾಕು. ಮೊಟ್ಟೆ ನೀರಿಗೆ ಹಾಕಿ ಹತ್ತು ನಿಮಿಷ. ಐದಾರು ಒಟ್ಟಿಗೆ ಬೇಯಿಸಿ ಸಿಪ್ಪೆ ಸಮೇತ ಫ್ರಿಜ್‌ನಲ್ಲಿಟ್ಟರೆ ಐದಾರು ದಿನ ಕೆಡುವುದಿಲ್ಲ.

ಬಂಗುಡೆ-ಬೂತಾಯಿಯೋ, ಅಗಸೆಯೋ?

ಅತಿ ಹೆಚ್ಚು ಜನ ಸಿಕ್ಕಿಬೀಳುವ ಗೊಂದಲ ಇದು. ಎರಡಕ್ಕೂ ‘ಒಮೆಗಾ-3’ ಎಂಬ ಒಂದೇ ಚೀಟಿ ಅಂಟಿಸಿರುತ್ತಾರೆ. ಒಳಗಿನ ಸರಕು ಬೇರೆ.

ಮಿದುಳು ಬಳಸುವುದು ಇಪಿಎ, ಡಿಎಚ್‌ಎ ಎಂಬ ಉದ್ದ ಸರಪಳಿಯ ಕೊಬ್ಬುಗಳನ್ನು. ಎಣ್ಣೆ ಅಂಶದ ಸಮುದ್ರ ಮೀನುಗಳಲ್ಲಿ ಅವು ಸಿದ್ಧವಾಗಿಯೇ ಇರುತ್ತವೆ. ಬೂತಾಯಿ, ಬಂಗುಡೆ ಈ ಸಾಲಿನವು. ಋತುವಿಗೆ ತಕ್ಕಂತೆ ಕೊಬ್ಬು ಏರಿಳಿಯುತ್ತದೆ. ಅಗಸೆ, ಅಕ್ರೋಟಿನಲ್ಲಿರುವುದು ಎಎಲ್‌ಎ. ದೇಹ ಅದನ್ನು ಇಪಿಎ ಆಗಿ ಮಾರ್ಪಡಿಸಿಕೊಳ್ಳಬೇಕು, ಮಾರ್ಪಾಡಾಗುವುದು ಸಣ್ಣ ಪಾಲು. ಡಿಎಚ್‌ಎ ಆಗುವುದಂತೂ ಇನ್ನೂ ಕಡಿಮೆ. ಖಿನ್ನತೆಯ ಚಿಕಿತ್ಸೆಯಲ್ಲಿ ಅಷ್ಟಿಷ್ಟು ಪುರಾವೆ ಇರುವುದು ಇಪಿಎ ಹೆಚ್ಚಿರುವ ಮೀನೆಣ್ಣೆಗೆ, ಅದೂ ದಿನಕ್ಕೆ 1ರಿಂದ 2 ಗ್ರಾಂ ಇಪಿಎ, ಖಿನ್ನತೆಯ ಮಾತ್ರೆಯ ಜೊತೆಗೆ. ಔಷಧಿ ಅಂಗಡಿಯ ‘1000 ಮಿಗ್ರಾಂ’ ಮೀನೆಣ್ಣೆ ಗುಳಿಗೆಯಲ್ಲಿ ಇಪಿಎ ಸಾಮಾನ್ಯವಾಗಿ 180 ಮಿಗ್ರಾಂ ಮಾತ್ರ. ಡಬ್ಬಿಯ ಮುಂದಿನ ದೊಡ್ಡ ಅಂಕಿ ಬಿಟ್ಟು ಹಿಂದಿನ ಸಣ್ಣಕ್ಷರ ಓದಿ.

ಆದ್ದರಿಂದ ಮೀನು ತಿನ್ನುವ ಮನೆಗೆ ಉತ್ತರ ಸುಲಭ: ವಾರಕ್ಕೆ ಎರಡು ಸಲ, ಸಲಕ್ಕೆ 100ರಿಂದ 150 ಗ್ರಾಂ ಬೂತಾಯಿ ಅಥವಾ ಬಂಗುಡೆ. ಅಂಜಲ್, ಪಾಂಪ್ಲೆಟ್‌ಗೆ ಸುರಿಯುವ ದುಡ್ಡು ನಾಲಿಗೆಗೆ; ಈ ಕೆಲಸಕ್ಕೆ ಬೂತಾಯಿಯೇ ಸಾಕು. ಒಮೆಗಾ-3ರ ಜೊತೆಗೆ ದಿನದ ಬಿ12 ಕೂಡ ಅದರಲ್ಲೇ ಮುಗಿಯುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬು ಬಾಣಲೆಗೆ ಇಳಿದು, ಬಾಣಲೆಯ ಎಣ್ಣೆ ಮೀನಿಗೆ ಏರುತ್ತದೆ. ಪುಳಿಮುಂಚಿ ಅಥವಾ ಗಸಿ ಮಾಡಿದರೆ ಇಳಿದ ಕೊಬ್ಬೂ ರಸದಲ್ಲೇ ಉಳಿದು ಹೊಟ್ಟೆಗೆ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಒಣಮೀನಿಗೆ ಹೋಗುವವರು ನೆನಪಿಡಬೇಕು: ಬಿಸಿಲು-ಗಾಳಿಗೆ ಒಮೆಗಾ-3 ಕೆಡುತ್ತದೆ, ಉಪ್ಪು ವಿಪರೀತ. ರಕ್ತದೊತ್ತಡ ಇರುವವರು ಆ ಎರಡು ತಿಂಗಳು ಮೊಟ್ಟೆಗೆ ಸರಿಯುವುದೇ ಲೇಸು.

ಹಾಗಾದರೆ ಅಗಸೆ ವ್ಯರ್ಥವೇ? ಅಲ್ಲ. ನಾರು, ಮೆಗ್ನೀಸಿಯಂ, ಒಳ್ಳೆಯ ಕೊಬ್ಬು ಎಲ್ಲ ಇದೆ, ಬೆಲೆಯೂ ಕೈಗೆಟಕುತ್ತದೆ. ಅದನ್ನು ಮೀನಿನ ಸಮಕ್ಕೆ ನಿಲ್ಲಿಸಬಾರದು, ಅಷ್ಟೆ. ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿ ಇದಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಇಡೀ ಬೀಜದ ಸಿಪ್ಪೆ ಹೊಟ್ಟೆಯಲ್ಲಿ ಒಡೆಯದೆ ಹಾಗೇ ಹೊರಬೀಳುತ್ತದೆ. ಪುಡಿಯಾದರೆ ಮಾತ್ರ ದಕ್ಕುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿದ್ದಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ. ಪುಡಿಯಾದ ಅಗಸೆ ಬೇಗ ಕಮಟುತ್ತದೆ, ಹದಿನೈದು ದಿನಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ. ದಿನಕ್ಕೆ ಒಂದು ದೊಡ್ಡ ಚಮಚ ಸಾಕು; ನೀರು ಚೆನ್ನಾಗಿ ಕುಡಿಯದಿದ್ದರೆ ಮಲಬದ್ಧತೆ ಹೆಚ್ಚುತ್ತದೆ. ಗುರೆಳ್ಳು ಚಟ್ನಿಪುಡಿಯನ್ನೂ ಕೆಲವರು ಇದೇ ಲೆಕ್ಕಕ್ಕೆ ಸೇರಿಸುತ್ತಾರೆ. ರುಚಿಗೆ ಎರಡು ಮಾತಿಲ್ಲ, ಆದರೆ ಗುರೆಳ್ಳಿನಲ್ಲಿರುವುದು ಬಹುಪಾಲು ಒಮೆಗಾ-6.

ಅಕ್ರೋಟಿನಲ್ಲಿಯೂ ಎಎಲ್‌ಎ ಇದೆ, ಬೆಲೆ ಮಾತ್ರ ಅಗಸೆಯ ಹಲವು ಪಟ್ಟು. ದುಡ್ಡಿದ್ದು, ಪುಡಿ ಮಾಡುವ ತ್ರಾಣ ಇಲ್ಲದವರಿಗೆ ನಾಲ್ಕೈದು ಅಕ್ರೋಟು ಒಳ್ಳೆಯದೇ. ಇಲ್ಲದವರು ಒಂದು ಹಿಡಿ ಶೇಂಗಾ ತಿನ್ನಲಿ. ಒಮೆಗಾ-3 ಅದರಲ್ಲಿ ಇಲ್ಲ, ಪ್ರೋಟೀನ್, ಫೋಲೇಟ್ (ಫೋಲಿಕ್ ಆಮ್ಲದ ಸಹಜ ರೂಪ), ಮೆಗ್ನೀಸಿಯಂ ಧಾರಾಳ.

ಕಾಳು, ಸೊಪ್ಪು, ರಾಗಿ

ಪುರಾವೆಯ ದೃಷ್ಟಿಯಿಂದ ಇದು ‘ಸ್ಮೈಲ್ಸ್’ ಊಟದ ಬೆನ್ನೆಲುಬು, ದುಡ್ಡಿನ ದೃಷ್ಟಿಯಿಂದ ಎಲ್ಲಕ್ಕಿಂತ ಅಗ್ಗ, ಶ್ರಮದ ದೃಷ್ಟಿಯಿಂದ ಎಲ್ಲಕ್ಕಿಂತ ಭಾರ. ಸೊಪ್ಪು ಬಿಡಿಸಿ, ತೊಳೆದು, ಹೆಚ್ಚುವುದು ಮನಸ್ಸು ಸರಿಯಿದ್ದವರಿಗೇ ಬೇಸರದ ಕೆಲಸ.

ಫೋಲೇಟ್ ಸಿಗುವುದು ಇಲ್ಲಿಂದ. ಅಲಸಂದೆ, ಹೆಸರುಕಾಳು, ಕಡಲೆಕಾಳು, ಪಾಲಕ್, ದಂಟಿನ ಸೊಪ್ಪು ಇವೆಲ್ಲ ಅದರ ಕಣಜ. ಫೋಲೇಟ್ ನೀರಿಗೆ ಇಳಿಯುವಂಥದ್ದು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದೂ ಚೆಲ್ಲಿತು. ಆ ಲೆಕ್ಕದಲ್ಲಿ ನಮ್ಮ ಬಸ್ಸಾರಿನಷ್ಟು ಜಾಣತನದ ಅಡುಗೆ ಕಡಿಮೆ: ಕಾಳು-ಸೊಪ್ಪು ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ಮೋರಿಗೆ ಏನೂ ಹೋಗುವುದಿಲ್ಲ.

ಕಬ್ಬಿಣದ ವಿಚಾರದಲ್ಲಿ ತಪ್ಪುವುದು ಊಟದ ಹೊತ್ತು. ಮುದ್ದೆ-ಸೊಪ್ಪಿನ ಸಾರು ಉಂಡ ತಕ್ಷಣ ಕಾಫಿ-ಚಹಾ ಕುಡಿದರೆ ಅದರ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಒಂದು ಗಂಟೆಯಾದರೂ ಅಂತರ ಇರಲಿ. ಅದೇ ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಹೀರಿಕೆ ಏರುತ್ತದೆ. ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಿ, ಕುದಿಯುವಾಗ ಹಾಕಿದರೆ ವಿಟಮಿನ್ ಸಿ ಹಾಳಾಗುತ್ತದೆ. ರಾಗಿಯಲ್ಲಿ 100 ಗ್ರಾಂಗೆ 340 ಮಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ನಾರು ಬೇಕಾದಷ್ಟು ಇದೆ, ಆದರೆ ಕಬ್ಬಿಣದಂಥ ಖನಿಜಗಳ ಹೀರಿಕೆಗೆ ಅಡ್ಡಿಯಾಗುವ ಫೈಟೇಟೂ ಇದೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಫೈಟೇಟ್ ತಗ್ಗುತ್ತದೆ. ಮಹಿಳೆಯರಲ್ಲಿ ಫೆರಿಟಿನ್ ತೀರಾ ಕೆಳಗಿದ್ದರೆ ಮಾತ್ರ ಸೊಪ್ಪಿನ ಮೇಲೆ ಭಾರ ಹಾಕಬೇಡಿ, ಮಾತ್ರೆಯೇ ಬೇಕು.

ಹುಳಿ ಬಂದದ್ದು: ಮೊಸರು, ಅಂಬಲಿ, ಇಡ್ಲಿ

ಕರುಳಿನ ಸೂಕ್ಷ್ಮಜೀವಿಗಳಿಗೂ ಮನಸ್ಸಿಗೂ ನಂಟಿದೆ ಎಂಬ ಸಂಶೋಧನೆ ಜೋರಾಗಿ ನಡೆದಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಆರೋಗ್ಯವಂತರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಳಿ ಬಂದ ಆಹಾರವನ್ನು ಹತ್ತು ವಾರ ಹೆಚ್ಚು ತಿಂದವರ ಕರುಳಿನಲ್ಲಿ ಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಕೆಲವು ಸೂಚಕಗಳು ಇಳಿದವು. ಅದರಿಂದ ಖಿನ್ನತೆ ಇಳಿಯುತ್ತದೆ ಎಂದು ಹೇಳಲು ಅಷ್ಟು ಸಾಲದು. ಪುರಾವೆಯಲ್ಲಿ ಈ ಗುಂಪನ್ನು ನಾವು ಕೆಳಗಿಡುತ್ತೇವೆ, ಖರ್ಚಿನಲ್ಲಿ ಮೇಲಿಡುತ್ತೇವೆ.

ಜೀವಂತ ಬ್ಯಾಕ್ಟೀರಿಯಾ ಬೇಕಿದ್ದರೆ ಇಡ್ಲಿ ಲೆಕ್ಕಕ್ಕಿಲ್ಲ, ಹಬೆಯಲ್ಲಿ ಅವು ಸಾಯುತ್ತವೆ. ಮಜ್ಜಿಗೆ ಹುಳಿ ಕುದಿಸಿದರೂ ಅದೇ ಕತೆ. ಅಂಬಲಿಗೆ ಗಂಜಿ ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ. ಬಿಸಿಯಿದ್ದಾಗ ಸುರಿದರೆ ಒಡೆಯುತ್ತದೆ, ಜೀವಿಗಳೂ ಉಳಿಯುವುದಿಲ್ಲ.

ಬಾಳೆಹಣ್ಣು, ಚಾಕೊಲೇಟ್, ಕಾಫಿ

ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇರುವುದು ನಿಜ. ರಕ್ತದಿಂದ ಮಿದುಳಿಗೆ ದಾಟುವ ತಡೆಗೋಡೆಯನ್ನು ಅದು ದಾಟುವುದಿಲ್ಲ ಎಂಬುದೂ ನಿಜ. ವಾಟ್ಸ್‌ಆ್ಯಪ್ ಎರಡನೆಯದನ್ನು ಹೇಳುವುದಿಲ್ಲ. ಆದರೂ ಸುಲಿದರೆ ಸಿಗುವ ಊಟ ಅದು, ಆ ಕಾರಣಕ್ಕೇ ಮನೆಯಲ್ಲಿರಲಿ. ಚಾಕೊಲೇಟ್ ಇಷ್ಟವಿದ್ದರೆ ತಿನ್ನಿ, ಔಷಧ ಎಂದು ತಿನ್ನಬೇಡಿ.

ಕಾಫಿ ಕುಡಿಯುವವರಲ್ಲಿ ಖಿನ್ನತೆ ಕಡಿಮೆ ಕಾಣುತ್ತದೆ ಎಂದು ಸಮೀಕ್ಷೆಗಳು ಹೇಳುತ್ತವೆ. ಕಾಫಿಯಿಂದ ಖಿನ್ನತೆ ತಗ್ಗಿತೋ, ಮನಸ್ಸು ಸರಿಯಿದ್ದವರೇ ಕಾಫಿ ಕುಡಿಯುತ್ತಾರೋ ಅವುಗಳಿಂದ ತಿಳಿಯದು. ಕುಡಿದ ಐದಾರು ಗಂಟೆಯ ಮೇಲೂ ಅರ್ಧದಷ್ಟು ಕೆಫೀನ್ ರಕ್ತದಲ್ಲಿರುತ್ತದೆ. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ ಎಂದಾಯಿತು. ಎದೆ ಢವಗುಟ್ಟುವವರು, ನಿದ್ದೆ ಬಾರದವರು ಮಧ್ಯಾಹ್ನದ ಊಟದ ಹೊತ್ತಿಗೆ ಕಾಫಿ ಮುಗಿಸಬೇಕು.

ಯಾರಿಗೆ ಯಾವುದು

ಬೆಂಗಳೂರಿನ ಪಿಜಿಯಲ್ಲಿ ಒಂಟಿಯಾಗಿರುವ, ಬೆಳಗಿನ ತಿಂಡಿ ಬಿಟ್ಟು ರಾತ್ರಿ ನೂಡಲ್ಸ್ ತರಿಸಿಕೊಳ್ಳುವ ಹುಡುಗ-ಹುಡುಗಿಯರಿಗೆ ಹೊತ್ತಿಗೆ ಸರಿಯಾದ ಊಟವೇ ಮೊದಲ ಮದ್ದು. ಒಲೆ ಬೇಡದ ನಾಲ್ಕು ಸಾಮಾನು ಕಪಾಟಿನಲ್ಲಿರಲಿ: ತೆಳು ಅವಲಕ್ಕಿ, ರಾಗಿ ಹುರಿಹಿಟ್ಟು, ಶೇಂಗಾ, ಬೆಲ್ಲ. ಜೊತೆಗೆ ದಿನಕ್ಕೊಂದು ಪಾಕೀಟು ಮೊಸರು. ಎರಡು ಹಿಡಿ ಅವಲಕ್ಕಿ ತೊಳೆದು ಐದು ನಿಮಿಷ ಬಿಟ್ಟು, ಮೊಸರು, ಶೇಂಗಾ ಕಲಸಿದರೆ ಊಟವಾಯಿತು. ಹುರಿಹಿಟ್ಟನ್ನು ಹಾಲು-ಬೆಲ್ಲದಲ್ಲಿ ಕಲಸಿದರೆ ತಿಂಡಿ. ದುಬಾರಿ ಪ್ರೋಟೀನ್ ಪುಡಿಗಿಂತ ಇದು ವಾಸಿ.

ಮೊಟ್ಟೆಯನ್ನೂ ತಿನ್ನದ ಮನೆಗೆ ಬಿ12 ಪರೀಕ್ಷೆ, ಅಳತೆಯ ಹಾಲು-ಮೊಸರು ಮೊದಲು, ಅಗಸೆ ಆಮೇಲೆ. ಹಾಲನ್ನೂ ಬಿಟ್ಟವರಿಗೆ ಬಿ12 ಮಾತ್ರೆ ತಪ್ಪಿದ್ದಲ್ಲ. ಕರಾವಳಿಯವರಿಗೆ, ಮೀನು ತಿನ್ನುವ ಎಲ್ಲರಿಗೂ ಬೂತಾಯಿ ಗಸಿ, ಕುಚ್ಚಲಕ್ಕಿ, ಬಸಳೆ ಸೊಪ್ಪು. ಗಲ್ಫಿನಲ್ಲೋ ಅಮೆರಿಕದಲ್ಲೋ ಇರುವವರಿಗೆ ಡಬ್ಬಿಯ ಸಾರ್ಡಿನ್ (ಬೂತಾಯಿ) ಒಳ್ಳೆಯ ಆಯ್ಕೆ, ಮುಚ್ಚಳ ತೆಗೆದರೆ ಮುಗಿಯಿತು.

ಮನೆಯಲ್ಲಿ ಯಾರಿಗೋ ಖಿನ್ನತೆ ಇದ್ದು ಅಡುಗೆ ಮಾಡುವವರು ನೀವಾಗಿದ್ದರೆ, ಬಸ್ಸಾರು-ಮುದ್ದೆ ನಿಮ್ಮ ಆಯ್ಕೆ. ಶ್ರಮ ನಿಮ್ಮದು, ಲಾಭ ಅವರದು. ಹಸಿವೇ ಇಲ್ಲದವರ ಮುಂದೆ ತಟ್ಟೆ ತುಂಬ ಬಡಿಸಬೇಡಿ. ಚಿಕ್ಕ ಬಟ್ಟಲಿನಲ್ಲಿ ಮೂರು ಗಂಟೆಗೊಮ್ಮೆ ಕೊಡಿ.

ಮಾತ್ರೆ ತೆಗೆದುಕೊಳ್ಳುವವರಿಗೆ ಕೆಲವು ಎಚ್ಚರಿಕೆ. ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಉಪ್ಪನ್ನು, ಕಾಫಿಯನ್ನು ಇದ್ದಕ್ಕಿದ್ದಂತೆ ಬಿಡಬಾರದು, ನೀರೂ ಕುಡಿಯದ ಉಪವಾಸ ಮಾಡಬಾರದು. ರಕ್ತದಲ್ಲಿ ಲಿಥಿಯಂ ಮಟ್ಟ ಅಪಾಯಕ್ಕೆ ಏರಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು, ಮೀನೆಣ್ಣೆ ಗುಳಿಗೆಯನ್ನು ಕೇಳದೆ ಶುರುಮಾಡಬಾರದು. ಊಟ ಚೆನ್ನಾಗಿದೆ ಎಂದು ಖಿನ್ನತೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಬೇಡವೇ ಬೇಡ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಅದು ನಿಂತ ಮೇಲೆ ಮುಂದಿನದು. ಕ್ಯಾಲೆಂಡರ್‌ನ ಚೌಕದಲ್ಲಿ ಪ್ರತಿ ರಾತ್ರಿ ಮೂರು ಅಂಕಿ ಬರೆಯಿರಿ: ಎಷ್ಟು ಹೊತ್ತು ನಿದ್ದೆ, ಎಷ್ಟು ಊಟ, ಹತ್ತಕ್ಕೆ ಮನಸ್ಸು ಎಷ್ಟು. 12 ವಾರ ಎಂಬುದು ಪ್ರಯೋಗದ ಅವಧಿ, ಅಷ್ಟು ಕಾಯಲೇಬೇಕೆಂದಿಲ್ಲ. ಮೂರು-ನಾಲ್ಕು ವಾರದಲ್ಲಿ ಅಂಕಿ ಕೆಳಗೇ ಇಳಿಯುತ್ತಿದ್ದರೆ ಆ ಕ್ಯಾಲೆಂಡರ್ ಹಾಳೆಯನ್ನೇ ಹರಿದುಕೊಂಡು ವೈದ್ಯರ ಬಳಿ ಹೋಗಿ.